ತಾನಾಗಿ ನಡೆಯುವ ಹುಲ್ಲಿನ ಮಿಷನ್ನು

ನನ್ನ ಅಪ್ಪನಿಗೆ,

ಹುಲ್ಲಿನ ಮಿಷನ್ನು ನಿನ್ನೆ ಮತ್ತೆ ತಾನಾಗಿ ನಡೆಯಿತು. ಈ ಸುದ್ದಿಯನ್ನು ಮೊದಲು ನಿನಗೇ ಹೇಳಬೇಕಿತ್ತು. ನೀನು ಹೋಗಿ ನಾಲ್ಕು ತಿಂಗಳಾಯಿತು. ಆದರೂ ಸಂಜೆ ಮನೆಗೆ ಬರುವಾಗ, ನಿನಗೆ ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಹಾಕಿಕೊಂಡೇ ಬರುತ್ತೇನೆ. ಬಾಗಿಲ ಬಳಿ ನಿನ್ನ ಚಪ್ಪಲಿ ಇಲ್ಲದ್ದು ಕಂಡಾಗ...

ಆ ಮಿಷನ್ನು ಮುಳಬಾಗಿಲಿನ ಸರ್ಕಾರಿ ಬಂಗಲೆಗೆ ಬಂದ ದಿನ ನೆನಪಿದೆಯಾ? ಮಾಲಿಯಾಗಿ ಅಷ್ಟು ವರ್ಷ ಕುಡುಗೋಲು ಹಿಡಿದವನು ನೀನು, ಪೆಟ್ರೋಲ್ ವಾಸನೆಗೆ ಮೂಗು ಮುಚ್ಚಿಕೊಂಡಿದ್ದೆ. ಎಂಜಿನ್ ಸ್ಟಾರ್ಟ್ ಮಾಡಿ ಹಿಡಿ ಒತ್ತಿದರೆ ಅದು ಹುಲ್ಲು ಕತ್ತರಿಸುತ್ತಾ ತಾನೇ ಮುಂದೆ ಹೊರಡುತ್ತಿತ್ತು. ನೀನು ಅದರ ಹಿಂದೆ ಓಡುತ್ತಾ, ಎತ್ತಿಗೆ 'ನಡಿಯಪ್ಪಾ, ನಡಿ' ಎಂದು ಹೇಳುವ ಹಾಗೆ "ಪದ ನಾಯನಾ, ಪದ" ಎನ್ನುತ್ತಿದ್ದೆ. ಅದಕ್ಕೆ ತೆಲುಗು ಬಿಟ್ಟು ಬೇರೆ ಭಾಷೆ ಬರುವುದಿಲ್ಲವಾ ಎಂದು ನಾನು ರೇಗಿಸುತ್ತಿದ್ದೆ.

ಆಯುಧಪೂಜೆಯ ದಿನ ನೀನು ಅದಕ್ಕೆ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟೆ. ನಾನು ಮನೆಯಿಂದ ಹರಳೆಣ್ಣೆ ತಂದಿದ್ದೆ. ನಮ್ಮ ಎತ್ತಿನ ಗಾಡಿಯ ಅಚ್ಚಿಗೆ ಎಣ್ಣೆ ಹಾಕುವುದಿಲ್ಲವಾ, ಹಾಗೆಯೇ ಕೋಳಿ ಪುಕ್ಕವನ್ನು ಎಣ್ಣೆಯಲ್ಲಿ ಅದ್ದಿ, ಮುಚ್ಚಳದ ಸಂದಿಯಲ್ಲಿ ತೂರಿಸಿ, ಒಳಗೆ ಸಿಕ್ಕಿದ್ದಕ್ಕೆಲ್ಲ ಬಳಿದೆ. "ಏನಮ್ಮಾ, ಇದಕ್ಕೂ ತಲೆಗೆ ಎಣ್ಣೆ ಹಾಕ್ತಿದೀಯಾ? ಸೀಗೇಪುಡಿನೂ ತರ್ಬೇಕಾಗಿತ್ತು" ಎಂದು ನೀನು ನಕ್ಕುಬಿಟ್ಟೆ. ಅಷ್ಟು ಜೋರಾಗಿ ನೀನು ನಕ್ಕಿದ್ದು ಅದೇ ಕೊನೆ ಇರಬೇಕು.

ಹಬ್ಬ ಕಳೆದ ಮೇಲೆ ಎಂಜಿನ್ ಸ್ಟಾರ್ಟ್ ಆಯಿತು, ಅಲಗು ತಿರುಗಿತು, ಚಕ್ರ ಮಾತ್ರ ಅಲುಗಲಿಲ್ಲ. ಗೇರ್ ಬಾಕ್ಸು ಹೋಗಿದೆ ಎಂದು ಬಂಗಲೆಯ ಸಾಹೇಬರು ಮೇಲಿನ ಆಫೀಸಿಗೆ ಬರೆದು ಕಳಿಸಿದರು. ಸರ್ಕಾರಿ ಸಾಮಾನು, ನಾವು ಬಿಚ್ಚಿ ನೋಡುವ ಹಾಗಿಲ್ಲ. ಹೊಸದು ಮದರಾಸಿನಿಂದ ಬರಲೆಂದು ಕಾಯುತ್ತಾ ಆ ಕಬ್ಬಿಣದ ಭಾರವನ್ನು ನೀನೇ ತಳ್ಳಿದೆ. "ಕುಡುಗೋಲಲ್ಲೇ ಕೊಯ್ಯಪ್ಪಾ" ಎಂದರೆ ಕೇಳಿದೆಯಾ? "ಮಿಷನ್ ಇಟ್ಕೊಂಡು ಕುಡುಗೋಲು ಹಿಡಿದ್ರೆ ಸಾಹೇಬ್ರು ಏನಂತಾರೆ? ಇವತ್ತೋ ನಾಳೇನೋ ಬಂದ್ಬಿಡ್ತದೆ ಬಿಡಮ್ಮಾ" ಎಂದೆ. ಸಂಕ್ರಾಂತಿ ಕಳೆದ ವಾರ ನೀನು ಹುಲ್ಲಿನ ನಟ್ಟನಡುವೆ ಬಿದ್ದೆ. ಎದೆಗೆ ಆಯಾಸ ಹೆಚ್ಚಾಗಿತ್ತು ಎಂದರು ಡಾಕ್ಟರು. ನಿನ್ನ ಕೈ ಆಗಲೂ ಮಿಷನ್ನಿನ ಹಿಡಿಯ ಮೇಲೇ ಇತ್ತಂತೆ.

ನಿನ್ನ ಕೆಲಸವನ್ನು ದಿನಗೂಲಿಯ ಮೇಲೆ ನನಗೆ ಕೊಟ್ಟಿದ್ದಾರೆ. ಮೊನ್ನೆ ಗೇರ್ ಬಾಕ್ಸು ಬಂತು. ಶ್ರೀನಿವಾಸಪುರದಿಂದ ಖಾದರ್ ಸಾಬರು ಎಂಬ ಮೆಕ್ಯಾನಿಕ್ಕು ಬಂದು, ಹಳೆಯದನ್ನು ಕಳಚಿ ಹೊಸದನ್ನು ಕೂರಿಸಿ, ಬೋಲ್ಟು ಬಿಗಿದರು. ಎಂಜಿನ್ ಸ್ಟಾರ್ಟ್ ಮಾಡಿದರೆ ಚಕ್ರ ಆಗಲೂ ತಿರುಗಲಿಲ್ಲ. ಅವರು ಚಕ್ರಕ್ಕೆ ಹೋಗುವ ಬೆಲ್ಟಿನ ಮೇಲೆ ಬೆರಳಾಡಿಸಿ ಮೂಸಿದರು.

"ಯಾರಮ್ಮಾ ಇದಕ್ಕೆ ಹರಳೆಣ್ಣೆ ಬಳಿದಿರೋದು? ಬೆಲ್ಟು ಬಿಗಿಯಾಗಿ ಹಿಡಿದ್ರೇನೇ ಚಕ್ರ ತಿರುಗೋದು. ಎಣ್ಣೆ ಹಾಕಿದ್ರೆ ಜಾರ್ತದೆ" ಎಂದರು. ಆಮೇಲೆ ಹಳೆಯ ಬಾಕ್ಸನ್ನು ಬಿಚ್ಚಿ, ಒಳಗಿನ ಹಲ್ಲುಗಳನ್ನು ತಿರುಗಿಸಿ ತೋರಿಸಿದರು. "ನೋಡಿ, ಇದಕ್ಕೇನೂ ಆಗಿರ್ಲಿಲ್ಲ."

ನಾನು ಬಗ್ಗಿ, ಅವರು ಬಿಚ್ಚಿಟ್ಟ ಬೋಲ್ಟುಗಳನ್ನು ಒಂದೊಂದಾಗಿ ಆಯತೊಡಗಿದೆ.

ಅಪ್ಪಾ, ಒಂದು ಪುಕ್ಕದಷ್ಟು ಎಣ್ಣೆ. ಅಷ್ಟಕ್ಕೆ ನೀನು ಮೂರು ತಿಂಗಳು ತಳ್ಳಿದೆ. ರಾತ್ರಿ ಊಟಕ್ಕೆ ಕೂತಾಗ ಭುಜ ಒತ್ತಿಕೊಳ್ಳುತ್ತಿದ್ದೆಯಲ್ಲ, ಅದೇ ಹರಳೆಣ್ಣೆಯನ್ನೇ ಬಿಸಿ ಮಾಡಿ ನಾನು ನಿನ್ನ ಭುಜಕ್ಕೆ ತಿಕ್ಕುತ್ತಿದ್ದೆ. ಹಾಗಾದರೆ ನಿನ್ನನ್ನು ನಾನೇ... ಅಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಿದರೆ ಅವಳು ನನ್ನನ್ನು ತಬ್ಬಿಕೊಳ್ಳುತ್ತಾಳೆ. ಅದನ್ನು ನಾನು ಹೇಗೆ ತಾಳಲಿ?

ನಿನ್ನೆ ಸಾಬರು ಹೊಸ ಬೆಲ್ಟು ಹಾಕಿದರು. ಹಿಡಿ ಒತ್ತಿದೆ. ಮಿಷನ್ನು ತಾನೇ ಹೊರಟು, ನೀನು ಬಿದ್ದ ಜಾಗ ದಾಟಿ ಹೋಯಿತು. ನಾನು ತಳ್ಳಲೇ ಇಲ್ಲ, ಎರಡು ಬೆರಳು ಸಾಕಾಯಿತು. "ಪದ ನಾಯನಾ" ಎನ್ನಬೇಕೆಂದು ಬಾಯಿ ತೆರೆದೆ, "ಅಪ್ಪಾ" ಎಂದುಬಿಟ್ಟೆ.

ಬರುವ ಹಬ್ಬಕ್ಕೆ ಅದಕ್ಕೆ ಕುಂಕುಮ ಮಾತ್ರ. ಎಣ್ಣೆ ಬಳಿದವಳು ನಾನೇ ಎಂದು ಸಾಬರಿಗೂ ಅಮ್ಮನಿಗೂ ಹೇಳುತ್ತೇನೆ. ಮೊದಲು ನಿನಗೆ ಹೇಳಿದ್ದೇನೆ. ನೀನು ನನಗೆ ಒಂದು ದಿನವೂ ಬೈದವನಲ್ಲ. ಈಗಲಾದರೂ ಒಂದು ಸಲ ಬೈಯಪ್ಪಾ.

ನಿನ್ನ ರತ್ನಿ