ಅತ್ತೆಮ್ಮನಿಗೆ ಹೇಳದ ಮಾತು

ನೌಕೆಯ ಹೊಲಿಗೆ ಕೋಣೆಯಿಂದ
ಹದಿನೇಳನೇ ತಾರೀಕು, ಮಧ್ಯಾಹ್ನದ ಊಟವಾದ ಮೇಲೆ

ನಮ್ಮ ಮನೆಯವರಿಗೆ,

ಇಲ್ಲಿ ಏಳು ಜನರೂ ಉಸಿರಾಡಿಕೊಂಡಿದ್ದೇವೆ. ಅಲ್ಲಿ ನೀವು, ನಿಮ್ಮ ತಂಗಿ ಪುಟ್ಟಿ, ಬೀಗದ ಅಂಗಡಿ ಎಲ್ಲ ಸುಖವೆಂದು ನಂಬಿದ್ದೇನೆ. ಉತ್ತರ ತಡವಾಯಿತು, ಬೈಯಬೇಡಿ. ನೀವೆಲ್ಲಿ ಬೈಯುತ್ತೀರಿ ಬಿಡಿ, ಬೈಯುವುದಕ್ಕೂ ಬಾಯಿ ತೆರೆಯಬೇಕಲ್ಲ! ಈ ಕಾಗದವನ್ನು ಗಟ್ಟಿಯಾಗಿ ಹೇಳಿಕೊಂಡೇ ಬರೆಯುತ್ತಿದ್ದೇನೆ. ಯಾಕೆಂದು ಹಿಂದಿನ ಕಾಗದದಲ್ಲಿ ಅವಸರದಲ್ಲಿ ಅರ್ಧಂಬರ್ಧ ಹೇಳಿದ್ದೆ, ಈಗ ಪೂರ್ತಿ ಕೇಳಿ.

ಆ ಹೆಪ್ಪುಗಟ್ಟಿದ ಚಂದ್ರನಲ್ಲಿ ಇಳಿದು ನೀರಿಗೆಂದು ಮಂಜುಗಡ್ಡೆ ತುಂಬಿಕೊಂಡೆವಲ್ಲ, ಅದರ ಜೊತೆ ಒಂದು ಜೀವವೂ ಹತ್ತಿ ಬಂತು. ಸಾಸಿವೆಯಷ್ಟು ಸಣ್ಣ ಕಾಳು, ಲಕ್ಷಗಟ್ಟಲೆ. ಯಾರು ಮಾತಾಡುತ್ತಾರೋ ಅಲ್ಲಿಗೆ ಉರುಳಿ ಬಂದು, ಒಂದಕ್ಕೊಂದು ಅಂಟಿಕೊಂಡು, ನಾದಿಟ್ಟ ಹಿಟ್ಟಿನ ಹಾಗೆ ಮುದ್ದೆಯಾಗಿ ಕೂತುಬಿಡುತ್ತವೆ. ಕಣ್ಣಿಲ್ಲ, ಕಿವಿಯಿಲ್ಲ, ಬಾಯಂತೂ ಇಲ್ಲವೇ ಇಲ್ಲ. ಮಾತಾಡುವವರ ಎದೆಯ ನಡುಕವೇ ಅವಕ್ಕೆ ಊಟ ಎನ್ನುತ್ತಾರೆ ನಮ್ಮ ಡಾಕ್ಟರಮ್ಮ. ಗೋಡೆ ಪಕ್ಕ ಕೂತು ಎಲ್ಲ ಕೇಳಿಸಿಕೊಂಡು ಏನೂ ಗೊತ್ತಿಲ್ಲದ ಹಾಗೆ ಇರುವುದನ್ನು ನೋಡಿ ಅಡುಗೆಯವನು ಅದಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟ. ನಾನು ಬಿದ್ದು ಬಿದ್ದು ನಕ್ಕೆ. ಸದ್ಯ, ನಿಮ್ಮ ಅಮ್ಮ ಅದನ್ನು ನೋಡಲು ಉಳಿದಿಲ್ಲ.

ಆಮೇಲೆ ಕಲ್ಲು ಬಡಿಯಿತು. ಮುಷ್ಟಿಯಷ್ಟೇ ದಪ್ಪ, ಆಕಾಶವೆಲ್ಲ ಬಿಟ್ಟು ನನ್ನ ಕೋಣೆಯ ಗೋಡೆಯನ್ನೇ ಹುಡುಕಿಕೊಂಡು ಬಂತು ದರಿದ್ರದ್ದು! ನಾನು ಹೊರಗಿನ ಕೆಲಸದವರ ಉಡುಪಿಗೆ ತೋಳು ಹೊಲಿಯುತ್ತಾ, ಪಕ್ಕದ ಮನೆಯಾಕೆಯ ಎರಡನೇ ಮದುವೆಯ ಕಥೆಯನ್ನು ಅತ್ತೆಮ್ಮನಿಗೆ ಹೇಳುತ್ತಿದ್ದೆ. ಗಾಳಿಯ ಸೆಳೆತಕ್ಕೆ ಹಾರಿಹೋಗಿ ಬೆನ್ನು ಗೋಡೆಗೆ ಬಡಿಯಿತು, ಹೋ ಎಂದು ಕಿರುಚಿಕೊಂಡೆ. ಕಾಳುಗಳೆಲ್ಲ ನುಗ್ಗಿ ಬಂದು ನನ್ನ ಬೆನ್ನ ಹಿಂದಿನ ತೂತಿನಲ್ಲಿ ಒತ್ತೊತ್ತಾಗಿ ಕೂತವು. ಗಾಳಿ ನಿಂತಿತು. ನಾನು ಸುಮ್ಮನಾದ ಕೂಡಲೇ ಅವು ಸಡಿಲವಾಗಿ ಗಾಳಿ ಮತ್ತೆ ಸುಯ್ಯೆಂದಿತು.

"ಮಾತಾಡಮ್ಮಾ, ಮಾತಾಡು! ನಿಲ್ಲಿಸ್ಬೇಡ!" ಎಂದು ಕ್ಯಾಪ್ಟನ್ ಬಾಗಿಲಲ್ಲಿ ನಿಂತು ಅರಚಿದರು. ನನ್ನ ಜನ್ಮದಲ್ಲಿ ಒಬ್ಬ ಗಂಡಸು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಅವತ್ತಿನಿಂದ ಇದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೇನೆ. ತಗಡು ಹಾಕಿ ಮುಚ್ಚೋಣವೆಂದರೆ ಸುತ್ತಲೂ ಬಿರುಕು, ಕೈಯಿಟ್ಟರೆ ಇನ್ನಷ್ಟು ಒಡೆಯುತ್ತದೆ. ಕೋಣೆಯ ಬಾಗಿಲು ಹಾಕಿ ಬಿಟ್ಟುಬಿಡೋಣವೆಂದರೆ ಎಲ್ಲರ ಗಾಳಿಯ ಕೊಳವೆಯೂ ಇಲ್ಲೇ ಹಾದುಹೋಗಿದೆ. ರಿಪೇರಿಯವರ ನೌಕೆ ಬರಲು ಇನ್ನೂ ಮೂರು ತಿಂಗಳು. ಅಲ್ಲಿಯವರೆಗೆ ಯಾರಾದರೂ ಒಬ್ಬರು ಮಾತಾಡುತ್ತಲೇ ಇರಬೇಕು. ನಾನು ಮಲಗಿದಾಗ ಉಳಿದವರು ಸರದಿಯ ಮೇಲೆ ಕೂರುತ್ತಾರೆ. ಕ್ಯಾಪ್ಟನ್ ನೌಕೆಯ ನಿಯಮಗಳನ್ನು ಹೇಳಲು ಹೋದರು, ಮೂರನೇ ನಿಯಮಕ್ಕೇ ಅತ್ತೆಮ್ಮ ಸಡಿಲವಾದಳು! ರೆಕಾರ್ಡು ಹಾಕಿ ನೋಡಿದೆವು, ತಿರುಗಿಯೂ ನೋಡಲಿಲ್ಲ. ಒಂದು ಸಲ ಹೇಳಿದ್ದನ್ನು ಮತ್ತೆ ಹೇಳುವ ಹಾಗೂ ಇಲ್ಲ. ಹಳಸಿದ್ದು ಅವಳಿಗೆ ಸೇರುವುದಿಲ್ಲ.

ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಿದ್ದಿರಿ ನೀವು. ಇಲ್ಲಿ ಬಂಗಾರ ಹಿಡಿದು ಕೂತರೆ ಏಳು ಹೆಣ ಬೀಳುತ್ತವೆ. ಹಾಗಾಗಿ ನನ್ನ ಬೆಳ್ಳಿಯನ್ನೆಲ್ಲ ಸುರಿದುಬಿಟ್ಟಿದ್ದೇನೆ, ಕ್ಷಮಿಸಿ. ನಿಮ್ಮ ಗೊರಕೆ, ಅಂಗಡಿ ತೆರೆದ ಹೊಸತರಲ್ಲಿ ನೀವೇ ಒಳಗೆ ಸಿಕ್ಕಿಹಾಕಿಕೊಂಡು ಕಿಟಕಿಯಿಂದ ಇಳಿದದ್ದು, ಬೀಗದ ಕೈಗಳ ಆ ಗೊಂಚಲನ್ನು ಮಲಗುವಾಗಲೂ ಸೊಂಟದಿಂದ ಬಿಚ್ಚದೆ ಮದುವೆಯಾದಂದಿನಿಂದ ನನ್ನ ಪಕ್ಕೆಗೆ ಚುಚ್ಚಿದ್ದು, ಎಲ್ಲವನ್ನೂ. ಊರಿಗೆಲ್ಲ ಬೀಗ ಮಾಡಿಕೊಟ್ಟವರಿಗೆ ನನ್ನ ಬಾಯಿಗೊಂದು ಮಾಡಲಾಗಲಿಲ್ಲ ಎಂದೂ ಹೇಳಿದೆ. ಅತ್ತೆಮ್ಮನ ಮೈಯೆಲ್ಲ ಅಲೆಅಲೆಯಾಗಿ ಕುಲುಕಿತು.

ಆದರೆ ಸರಕು ಮುಗಿಯುತ್ತಾ ಬಂದಿದೆ. ನನಗೆ ಭಯವಾಗುತ್ತಿದೆ ಕಣ್ರೀ. ಬಾಯಿ ಒಣಗಿದರೆ ನೀರು ಕುಡಿಯಬಹುದು. ಹೇಳಲು ಏನೂ ತೋಚದೆ ಒಂದು ಗಳಿಗೆ ತಡವರಿಸಿದಾಗ ಬೆನ್ನಿಗೆ ಸಣ್ಣಗೆ ಚಳಿ ತಾಗುತ್ತದೆ ನೋಡಿ, ಆಗ ಜೀವ ಬಾಯಿಗೆ ಬರುತ್ತದೆ. ಅದಕ್ಕೇ ಹೋದ ಸಲ ನಿಮ್ಮ ಮೇಲೆ ಹಾಗೆ ರೇಗಿದ್ದು. "ಚೆನ್ನಾಗಿದ್ದೇನೆ. ನಲ್ಲಿ ರಿಪೇರಿ ಆಯಿತು. ಹೊತ್ತಿಗೆ ಸರಿಯಾಗಿ ಊಟ ಮಾಡು." ನೀವು ಇಷ್ಟೇ ಬರೆದರೆ ಯಾರ ಹೊಟ್ಟೆ ತುಂಬುತ್ತದೆ? ಅತ್ತೆಮ್ಮ ನಲ್ಲಿಯವರೆಗೂ ತಡೆಯಲಿಲ್ಲ.

ಈ ಸಲ ಏನಾಶ್ಚರ್ಯ! ಪರದೆಯ ಮೇಲೆ ನಿಮ್ಮ ಕಾಗದ ಬರುತ್ತಲೇ ಇತ್ತು, ಬರುತ್ತಲೇ ಇತ್ತು. ಎದುರು ಮನೆಯವರ ಹೊಸ ಕಿಟಕಿ ಪರದೆಗೆ ಹಸಿರು ಅಂಚು, ಬೀದಿಯ ಕರಿ ಬೆಕ್ಕು ನಮ್ಮ ಮೆಟ್ಟಿಲ ಕೆಳಗೆ ಮರಿ ಹಾಕಿದ್ದು, ನಾನಿಲ್ಲದೆ ಮನೆ ಬಿಕೋ ಎನ್ನುವುದು, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದ ಗೊಂಚಲು ಗಾಳಿ ಬೀಸಿದಾಗ ತಾನೇ ತಾನಾಗಿ ಸದ್ದು ಮಾಡುವುದು. ದಿನಕ್ಕಿಷ್ಟು ಎಂದು ಹಂಚಿಕೊಂಡು, ಬಿಡಿಸಿ ಬಿಡಿಸಿ ಹೇಳಿದೆ. ಹತ್ತು ದಿನ ಗೋಡೆ ಕಲ್ಲಿನಂತೆ ನಿಂತಿತ್ತು. "ನಿಮ್ಮ ಯಜಮಾನ್ರು ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಕ್ಕಾ ಇದನ್ನೆಲ್ಲ?" ಎಂದು ಅಡುಗೆಯವನು ನನಗೆ ಎರಡು ತುತ್ತು ಹೆಚ್ಚಿಗೆ ಬಡಿಸಿದ. ಎಲ್ಲರೂ ನಿಮಗೆ ಕೈಮುಗಿದು ತಿಳಿಸಲು ಹೇಳಿದ್ದಾರೆ.

ಅಡುಗೆಯವನ ಸರದಿ ಬಂತು, ಇಲ್ಲಿಗೆ ನಿಲ್ಲಿಸುತ್ತೇನೆ. ಮೈ ಕಡೆ ನೋಡಿಕೊಳ್ಳಿ. ಪುಟ್ಟಿಗೆ ನನ್ನ ಆಶೀರ್ವಾದ, ಅವಳ ಕೈ ತಣ್ಣಗಿರಲಿ. ನಿಮಗೆ ನಮಸ್ಕಾರಗಳು.

ಇಂತಿ,
ನಿಮ್ಮ ಬಾಯಿಬಡುಕಿ

ವಿ.ಸೂ.: ಪುಟ್ಟೀ, ಇದು ನಿನಗೆ. ಈಗ ಅಡುಗೆಯವನು ಗೋಡೆಗೆ ಕೂತಿದ್ದಾನೆ. ಇದನ್ನು ಮಾತ್ರ ನಾನು ತುಟಿ ಬಿಚ್ಚದೆ ಬರೆಯುತ್ತಿದ್ದೇನೆ.

ಗೊಂಚಲು ಮೊಳೆಯ ಮೇಲಿದೆ ಎಂದು ಓದಿದ ಕೂಡಲೇ ಗೊತ್ತಾಯಿತು ಕಣೇ. ಜೀವವಿರುವವರೆಗೆ ನಿಮ್ಮಣ್ಣನ ಸೊಂಟದಿಂದ ಅದು ಇಳಿಯುತ್ತಿರಲಿಲ್ಲ. ಎದುರು ಮನೆಯ ಪರದೆಯ ಅಂಚು ಅವರಿಗೆಲ್ಲಿ ಕಾಣಬೇಕು? ನಾನು ರೇಗಿ ಬರೆದ ಕಾಗದ ಅವರ ಕೈಗೆ ಸಿಗಲೇ ಇಲ್ಲ ಅಲ್ಲವೇ? ನೀನೇ ಓದಿ, ನಮ್ಮ ಉಸಿರು ನಿಲ್ಲಬಾರದೆಂದು ದುಃಖ ನುಂಗಿಕೊಂಡು ಅಷ್ಟುದ್ದ ಬರೆದಿದ್ದೀಯೆ. ನಿನ್ನ ಮೇಲೆ ಕೋಪವಿಲ್ಲ ತಾಯಿ. ಹತ್ತು ದಿನ ದನಿ ನಡುಗದಂತೆ ಹೇಳಿದ್ದೇನೆ. ಇಲ್ಲಿ ಮಾತಿಲ್ಲದೆ ಅಳುವ ಹಾಗೂ ಇಲ್ಲ, ಅತ್ತರೆ ಗಾಳಿ ಹೋಗುತ್ತದೆ.

ಯಾರಿಗೂ ತಿಳಿಸಿಲ್ಲ. ನನ್ನ ಹತ್ತಿರ ಹೇಳದೆ ಉಳಿದಿರುವುದು ಇದೊಂದೇ, ಬಾಯಿಬಿಟ್ಟರೆ ಖರ್ಚಾಗಿಹೋಗುತ್ತದೆ. ಅದಕ್ಕೇ ಇನ್ನು ಅವರ ಹೆಸರಿನಲ್ಲಿ ಬರೆಯಬೇಡ, ನಿನ್ನ ಹೆಸರಿನಲ್ಲೇ ಬರೆ. ಯಾವತ್ತು ಹೋದರು, ಹೇಗೆ ಹೋದರು, ಹತ್ತಿರ ಯಾರಿದ್ದರು, ಕೊನೆಗೆ ಏನು ತಿಂದರು, ಸೊಂಟದಿಂದ ಗೊಂಚಲು ಬಿಚ್ಚಿದ್ದು ಯಾರು, ನನ್ನನ್ನು ಒಂದು ಸಲವಾದರೂ ಕೇಳಿದರಾ. ನನಗೆ ನೋವಾಗುತ್ತದೆಂದು ಏನನ್ನೂ ಬಿಡಬೇಡ. ಉದ್ದವಾಗಿ ಬರೆ ಪುಟ್ಟೀ. ರಿಪೇರಿಯವರು ಬರುವವರೆಗೆ ಅದೇ ಸಾಲಬೇಕು.

ನಿನ್ನ ಅತ್ತಿಗೆ