ಗುಡುಗಿನ ಗಂಟಲು

ಮೇ 4, ಸಂಜೆ

ನನ್ನ ಎಡಗಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ. ಅಮ್ಮನಿಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ. ಹಳೆ ಸ್ಪೀಕರ್ ಹುಚ್ಚರ ಗುಂಪಿಗಂತೂ ಗೊತ್ತೇ ಇಲ್ಲ. ಭಾನುವಾರ ಗುಂಪಿನ ಹಿರಿಯ ಡಾಕ್ಟರ ಮನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿ ಹಾಡು ಕೇಳುತ್ತ ಕೂತು, "ಎಡಗಡೆ ಸ್ವಲ್ಪ ಮಂಕು" ಅನ್ನುವಾಗ ನಾನು ಟೀ ಕುಡಿಯುತ್ತಿರುತ್ತೇನೆ. ಹೌದು ಅಂತ ಒಮ್ಮೆಯೂ ತಲೆಯಾಡಿಸಿಲ್ಲ. ಸುಳ್ಳು ಹೇಳಿಲ್ಲ. ಹೇಳದೆ ಇದ್ದೇನೆ, ಅಷ್ಟೆ. ಇವತ್ತು ಬರೆದಿಡಬೇಕು ಅನ್ನಿಸಿತು.

ಅದಕ್ಕೇ ನನಗೆ ಕಾಗದ ಇಷ್ಟ. ಸ್ಪೀಕರ್ ಹೇಗೆ ಕೂಗುತ್ತದೆ ಅಂತ ಗೆರೆ ಎಳೆದು ತೋರಿಸಿರುತ್ತಾರೆ. ಏರಿದ್ದರೆ ಏರಿದೆ, ಇಳಿದಿದ್ದರೆ ಇಳಿದಿದೆ. ನೋಡಲು ಕಣ್ಣು ಸಾಕು.

ಇವತ್ತು ಒಂದು ಹಳೆ ಜಪಾನಿ ಸ್ಪೀಕರ್ ಕ್ಯಾಟಲಾಗ್ ಸ್ಕ್ಯಾನ್ ಮಾಡಿದೆ. ಕೊನೆಯ ಹಾಳೆಯ ಹಿಂಬದಿ ಖಾಲಿ, ಅದನ್ನೂ ಮಾಡಿದೆ. ನಮ್ಮ ಗುಂಪಿನ ನಿಯಮ ಅದು — ಕಾಗದವನ್ನು ರಿಪೇರಿ ಮಾಡಬಾರದು. ಕಲೆ, ಸುಕ್ಕು, ಯಾರೋ ಗೀಚಿದ ಫೋನ್ ನಂಬರು, ಎಲ್ಲ ಇದ್ದ ಹಾಗೆ. ಆಮೇಲೆ ನಮ್ಮ ವೆಬ್‌ಸೈಟಿಗೆ ಹಾಕುವುದು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಲಿ.

ತುಯಿ ಅಣ್ಣ ಹಿಂದೆ ನಿಂತು ನೋಡುತ್ತಿದ್ದ. ಬಾನ್ ಮೋ ಪೇಟೆಯಲ್ಲಿ ಸ್ಪೀಕರ್ ರಿಪೇರಿ ಅಂಗಡಿ ಅವನದು. ಹರಿದ ಸ್ಪೀಕರಿಗೆ ಹೊಸ ಕಾಗದದ ಕೋನ್ ಅಂಟಿಸುವುದು ಅಲ್ಲಿ ನನ್ನ ಕೆಲಸ.

"ಖಾಲಿ ಹಾಳೆಗೆ ಯಾಕಮ್ಮ ಕರೆಂಟು ಸುಡ್ತೀಯಾ?"

"ಖಾಲಿ ಇತ್ತು ಅಂತ ಗೊತ್ತಾಗಬೇಕಲ್ಲ ಅಣ್ಣ."

"ನಿನ್ನ ಪರೀಕ್ಷೆ ಪೇಪರ್ ಥರ."

"ನಾನು ಪರೀಕ್ಷೇನೇ ಬರೀಲಿಲ್ಲ. ಅದಕ್ಕೂ ಮೊದಲೇ ಶಾಲೆ ಬಿಟ್ಟೆ."

ಬಿಟ್ಟಿದ್ದಕ್ಕೆ ಕಾರಣ ಏನಿಲ್ಲ. ಕೂತಲ್ಲೇ ಕೂರಲು ಆಗುತ್ತಿರಲಿಲ್ಲ.


ಮೇ 7

ದೊಡ್ಡ ಸುದ್ದಿ. ಡಾಕ್ಟರ್ ಕಂಫೋನ್ ಅವರು ಮಧ್ಯಾಹ್ನವೇ ಅಂಗಡಿಗೆ ಓಡಿ ಬಂದರು. ಹಲ್ಲಿನ ಡಾಕ್ಟರು, ಈಗ ರಿಟೈರ್ಡ್. ನಮ್ಮ ಗುಂಪು ಕಟ್ಟಿದವರು. ಶರ್ಟು ಬೆವರಿನಲ್ಲಿ ತೊಯ್ದಿತ್ತು.

"ಪ್ಲೂ, ಗುಡುಗಿನ ನಕ್ಷೆ ಇದೆ!"

ನನ್ನ ಕೈಯಲ್ಲಿದ್ದ ಅಂಟಿನ ಕುಂಚ ಕೆಳಗೆ ಬಿತ್ತು.

ಗುಡುಗು ಅಂದರೆ ತಲಾತ್ ನೋಯ್ ಗಲ್ಲಿಯ ಹುಯಿ ಅಜ್ಜ ತೇಗದ ಮರದಲ್ಲಿ ಮಾಡುತ್ತಿದ್ದ ಹಾರ್ನ್ ಸ್ಪೀಕರ್. ಒಂದು ಕಾಲದಲ್ಲಿ ಈಶಾನ್ಯದ ಈಸಾನ್ ಸೀಮೆಯ ಬಯಲು ಸಿನಿಮಾದವರು ಲಾರಿಗೆ ಕಟ್ಟಿಕೊಂಡು ಊರೂರು ಸುತ್ತಿದ್ದು ಅದನ್ನೇ. ಎರಡು ಗದ್ದೆಯಾಚೆಗೂ ಮಾತು ಸ್ಪಷ್ಟ ಕೇಳುತ್ತಿತ್ತಂತೆ. ನಕಲು ಮಾಡಿದವರು ಬಹಳ. ಎಲ್ಲ ಕೀರಲು. ಹಾರ್ನಿನ ಬಾಯಿ ಹೊರಗೆ ಕಾಣುತ್ತದೆ, ಅಳೆಯಬಹುದು. ದನಿ ಹಾದು ಬರುವ ಕಿರಿದಾದ ಗಂಟಲು ಒಳಗೆ ಬಾಗಿ ಮಡಚಿಕೊಂಡಿರುತ್ತದೆ. ಅಜ್ಜ ಅದನ್ನು ಯಾರಿಗೂ ತೋರಿಸಲಿಲ್ಲ. ಎರಡು ತಿಂಗಳ ಹಿಂದೆ ತೀರಿಕೊಂಡರು. ನಕ್ಷೆಗಳ ಸುರುಳಿಗಳು ಮನೆಯ ಮಹಡಿಯಲ್ಲಿ ಇವೆಯಂತೆ, ಹೆಂಡತಿಯ ಬಳಿ.


ಮೇ 11

ತಲಾತ್ ನೋಯ್‌ಗೆ ಹೋದೆವು. ನಾನು, ಡಾಕ್ಟರು, ತುಯಿ ಅಣ್ಣ. ಗಲ್ಲಿ ತುಂಬ ಹಳೆ ಇಂಜಿನ್ನುಗಳ ರಾಶಿ, ಗ್ರೀಸಿನ ಮೇಲೆ ಮಲಗಿದ ಬೆಕ್ಕು. ಹುಯಿ ಅಜ್ಜನ ಹೆಂಡತಿಯನ್ನು ಎಲ್ಲರೂ ಅಮಾ ಅನ್ನುತ್ತಾರೆ, ನಾನೂ ಹಾಗೇ ಅಂದೆ. ಸಣ್ಣ ಲೋಟದಲ್ಲಿ ಕಡು ಚಹಾ, ಹೆಸರುಬೇಳೆ ತುಂಬಿದ ಬಿಲ್ಲೆ.

ಡಾಕ್ಟರು ನಕ್ಷೆಯನ್ನು ನಯವಾಗಿ ಕೇಳಿದರು. ಅಮಾ ಪೂರ್ತಿ ಕೇಳಿಸಿಕೊಂಡು, "ಅದನ್ನ ಸುಡ್ತೀನಿ" ಅಂದರು.

ಡಾಕ್ಟರ ಬಾಯಲ್ಲಿದ್ದ ಬಿಲ್ಲೆ ಅಲ್ಲೇ ನಿಂತಿತು.

ತೀರಿಕೊಂಡ ನೂರನೇ ದಿನಕ್ಕೆ, ಅಂದರೆ ಜೂನ್ ಮಧ್ಯಕ್ಕೆ, ಕೊಂಗ್‌ತೆಕ್ ವಿಧಿ ಇಟ್ಟುಕೊಂಡಿದ್ದಾರೆ. ಕಾಗದದ ಮನೆ, ಕಾಗದದ ಕಾರು, ಕಾಗದದ ಆಳುಕಾಳು — ಎಲ್ಲವನ್ನೂ ಸುಟ್ಟು, ತೀರಿಕೊಂಡವರಿಗೆ ಕಳಿಸುವುದು. ಜೊತೆಗೆ ನಕ್ಷೆಗಳು.

"ಕನಸಲ್ಲಿ ಬಂದಿದ್ರು. ಕೈ ಖಾಲಿ, ಅಳತೆ ಮರೆತುಹೋಗಿದೆ ಅಂದ್ರು. ಆ ಮನುಷ್ಯ ಕೆಲಸ ಇಲ್ದೆ ಇದ್ರೆ ಅಲ್ಲಿರೋರ ತಲೆ ತಿಂತಾರೆ."

"ಸುಡೋ ಮುಂಚೆ ನಾವು ಒಂದು ಸಲ ಸ್ಕ್ಯಾನ್ ಮಾಡ್ಕೊಳ್ತೀವಿ ಅಮಾ," ಅಂದರು ಡಾಕ್ಟರು.

"ಬೇಡ. ನಕಲು ಮಾಡೋರನ್ನ ಕಂಡ್ರೆ ಅವರಿಗೆ ಮೈ ಉರೀತಿತ್ತು. ಅದೂ ಅಲ್ದೆ ಅರ್ಧ ಇಲ್ಲೇ ಉಳಿದ್ರೆ ಅಲ್ಲಿಗೆ ಅರ್ಧಾನೇ ಹೋಗೋದು."

ಹೊರಡುವಾಗ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮೇಲೆ ಕಾಗದ ಎಲ್ಲ ತೇವಕ್ಕೆ ಅಂಟ್ಕೊಂಡಿವೆ. ನನಗೆ ಮೆಟ್ಟಿಲು ಹತ್ತೋಕಾಗಲ್ಲ. ನಿನ್ನ ಬೆರಳು ತೆಳ್ಳಗಿದೆ. ಬಂದು ಬಿಡಿಸಿ ಕೊಡು."

"ಬರ್ತೀನಿ" ಅಂದೆ.


ಮೇ 12

ನೂಡಲ್ಸ್ ಗಾಡಿ ಹತ್ತಿರ ಡಾಕ್ಟರು ಉಪಾಯ ಹೇಳಿದರು. ನಕ್ಷೆಯಷ್ಟೇ ಅಗಲದ ಹಳೆ ಕಾಗದದ ಸುರುಳಿ ಕೊಡುತ್ತಾರೆ. ನಾನು ಮಹಡಿಯಲ್ಲಿ ಅದಲುಬದಲು ಮಾಡಬೇಕು.

"ಸುಡೋದು ಅದು, ಉಳಿಯೋದು ಇದು. ಅಜ್ಜಿಗೂ ಸಮಾಧಾನ. ಯಾರಿಗೆ ನಷ್ಟ?"

"ಹುಯಿ ಅಜ್ಜನಿಗೆ. ರದ್ದಿ ಕಾಗದ ತಲುಪುತ್ತೆ."

ತುಯಿ ಅಣ್ಣ ನಕ್ಕ. "ನೀನು ಇದನ್ನೆಲ್ಲ ನಂಬ್ತೀಯೇನೇ?"

"ನಾನು ನಂಬಿದ್ರೆಷ್ಟು ಬಿಟ್ರೆಷ್ಟು? ಅಮಾ ನಂಬ್ತಾರೆ."

ಡಾಕ್ಟರು ಕೆಟ್ಟವರಲ್ಲ. ಹಿಂದೊಮ್ಮೆ ಥೋನ್‌ಬುರಿಯಲ್ಲಿ ಒಂದು ಸ್ಪೀಕರ್ ಕಾರ್ಖಾನೆ ಮುಚ್ಚಿದಾಗ ಇವರು ಹೋಗುವುದು ತಡವಾಯಿತು. ಕಪಾಟುಗಟ್ಟಲೆ ನಕ್ಷೆ ಅರೆದು ಮೊಟ್ಟೆ ಇಡುವ ಟ್ರೇ ಮಾಡಿಬಿಟ್ಟಿದ್ದರು. ಇವತ್ತಿಗೂ ಅವರ ಮನೆಗೆ ಮೊಟ್ಟೆ ಬರುವುದು ಪ್ಲಾಸ್ಟಿಕ್ ಚೀಲದಲ್ಲೇ.

"ಇನ್ನೊಂದು ಸಲ ಅದನ್ನ ನೋಡೋಕೆ ನನ್ನ ಕೈಲಿ ಆಗಲ್ಲ ಪ್ಲೂ," ಅಂದರು.

ನನಗೂ ಬೇಕು ಆ ನಕ್ಷೆ. ಎಷ್ಟು ಬೇಕು ಅಂತ ಅವರಿಗೆ ಗೊತ್ತಿಲ್ಲ. ಆದರೆ ಕದ್ದ ಕಾಗದ ನಾನು ಸೈಟಿಗೆ ಹಾಕುವುದಿಲ್ಲ. ಹಾಗೇ ಹೇಳಿದೆ.


ಮೇ 15

ಬರಿಗೈಯಲ್ಲಿ ಹೋದೆ. ಫೋನನ್ನು ಕೆಳಗೆ ಅಮಾ ಮೇಜಿನ ಮೇಲೇ ಇಟ್ಟು ಮಹಡಿ ಹತ್ತಿದೆ.

ಬಿದಿರಿನ ಕಡ್ಡಿ, ಟಾಲ್ಕಂ ಪೌಡರ್, ಒದ್ದೆ ಬಟ್ಟೆಯ ಹಬೆ. ಒಂದೊಂದೇ ಹಾಳೆ ಬಿಟ್ಟುಕೊಂಡಿತು. ನೀಲಿ ಶಾಯಿ, ಚೀನೀ ಅಂಕಿಗಳು, ಮೊಳೆ ಎಲ್ಲಿ ಬೇಕು, ಬಟ್ಟೆ ಎಲ್ಲಿ ಸುತ್ತಬೇಕು. ನಮ್ಮ ಸೈಟಿನಲ್ಲಿ ಸಾವಿರಾರು ಹಾಳೆ ಇವೆ. ಇಂಥದ್ದು ಒಂದೂ ಇಲ್ಲ. ಓದಿದೆ. ಓದಬೇಡ ಅಂತ ಅಮಾ ಹೇಳಿರಲಿಲ್ಲ.

ಕೊನೆಗೆ ಗಂಟಲಿನ ಹಾಳೆ ಬಿಡಿಸಿದೆ. ನಡುವೆ ಅಂಗೈ ಅಗಲ ತೂತು. ಗೆದ್ದಲು. ಗಂಟಲು ಬಾಗುವ ಜಾಗ, ಅದರ ಅಂಕಿಗಳು — ಅಷ್ಟನ್ನೇ ತಿಂದಿದೆ. ಪಕ್ಕದ ಅಲಂಕಾರದ ಹಾಳೆ ಗಟ್ಟಿಮುಟ್ಟಾಗಿದೆ. ಗೆದ್ದಲಿಗೂ ರುಚಿ ಗೊತ್ತು.

ಹಾಳೆಗಳನ್ನು ಕೆಳಗೆ ತಂದುಕೊಟ್ಟು ಹೇಳಿದೆ. ಅಮಾ ಬಟಾಣಿ ಸುಲಿಯುತ್ತ ನನ್ನ ಎಡಗಡೆ ಕೂತಿದ್ದರು. ಏನೋ ಅಂದರು, ಕೇಳಿಸಲಿಲ್ಲ, ನಾನು ಮಾತು ಮುಂದುವರಿಸಿದೆ. ಅವರು ಎದ್ದು, ಸ್ಟೂಲು ಎತ್ತಿಕೊಂಡು, ಸುತ್ತಿ ಬಂದು ಬಲಗಡೆ ಕೂತರು.

"ನಮ್ಮ ಯಜಮಾನರಿಗೆ ಬಲಗಿವಿ ಹೋಗಿತ್ತು, ಹಾರ್ನ್ ಮುಂದೆ ನಿಂತೂ ನಿಂತೂ. ನಿನಗೆ ಎಡದ್ದಾ?"

ಹೂಂ ಅಂದೆ. ಅಷ್ಟೆ. ಮತ್ತೆ ಬಟಾಣಿ.

ತೂತಿನ ವಿಷಯಕ್ಕೆ ಮಾತ್ರ, "ಅಲ್ಲಿ ಸರಿ ಮಾಡ್ಕೊಳ್ತಾರೆ ಬಿಡು" ಅಂದರು.


ಮೇ 16

ಎಡವಟ್ಟು ಮಾಡಿದೆ. ಅಥವಾ ಸರಿ ಮಾಡಿದೆ. ಎರಡೂ ಇರಬಹುದು.

ಅಮಾ ಇವತ್ತು, "ನೀವು ಒಳ್ಳೇ ಮಕ್ಕಳು, ಬೇಡ ಅಂದ ಮೇಲೆ ಮತ್ತೆ ಕೇಳಲಿಲ್ಲ" ಅಂದರು. ಆ ಹೊಗಳಿಕೆ ನನ್ನಿಂದ ತಡೆಯಲಾಗಲಿಲ್ಲ. ಸುರುಳಿ ಬದಲಿಸುವ ಮಾತು ನಮ್ಮಲ್ಲಿ ಬಂದಿತ್ತು, ನಾನು ಒಪ್ಪಲಿಲ್ಲ ಅಂತ ಹೇಳಿಬಿಟ್ಟೆ.

ಅಮಾ ಕೂಗಾಡಲಿಲ್ಲ. ಬಾಗಿಲಿನ ಕಬ್ಬಿಣದ ಜಾಲರಿ ಎಳೆದರು. ನಾನು ಹೊರಗೆ.

"ಶಾಲೆಗೆ ಹೋಗಿದ್ರೆ ಬಾಯಿ ಮುಚ್ಚೋದನ್ನಾದ್ರೂ ಕಲಿಸ್ತಿದ್ರು," ಅಂದ ತುಯಿ ಅಣ್ಣ. ಡಾಕ್ಟರು ಫೋನ್ ಎತ್ತುತ್ತಿಲ್ಲ.

ಮತ್ತೆ ಹಾಗೆ ಹೊಗಳಿದರೂ ಹೇಳುತ್ತೇನೆ.


ಮೇ 27

ಅಮಾ ಅಂಗಡಿಗೇ ಬಂದರು! ಬಾನ್ ಮೋಗೆ, ತುಕ್‌ತುಕ್‌ನಲ್ಲಿ, ಕಂಕುಳಲ್ಲಿ ನಕ್ಷೆಯ ಸುರುಳಿಗಳನ್ನೆಲ್ಲ ಅವಚಿಕೊಂಡು. ತುಯಿ ಅಣ್ಣ ಗಾಬರಿಯಲ್ಲಿ ಅವರಿಗೆ ಸ್ಪೀಕರ್ ಡಬ್ಬದ ಮೇಲೆ ಜಾಗ ಮಾಡಿಕೊಟ್ಟ. ನನ್ನ ಬಲಗಡೆಗೆ ಬಂದು ಕೂತರು. ಗಂಟಲಿನ ಹಾಳೆಯನ್ನು ನನ್ನ ಅಂಟಿನ ಡಬ್ಬಿಗಳ ನಡುವೆ ಹಾಸಿ, ತೂತಿನೊಳಗೆ ಕೈ ತೂರಿಸಿ ಬೆರಳು ಆಡಿಸಿದರು.

"ಇದನ್ನ ಕಳಿಸಿದ್ರೆ ಮತ್ತೆ ಕನಸಲ್ಲಿ ಬಂದು ಬೈತಾರೆ. ಸತ್ತ ಮೇಲೂ ಬೈಸ್ಕೊಳ್ಳೋಕೆ ನನಗಾಗಲ್ಲ. ನೀನು ಎಲ್ಲಾ ಹಾಳೆನೂ ಹೊಸದಾಗಿ ಬರೆದು ಕೊಡ್ತೀಯಾ? ತೂತಿಲ್ದೆ?"

"ತೂತಲ್ಲಿ ಏನಿತ್ತು ಅಂತ ನನಗೆ ಗೊತ್ತಿಲ್ಲ ಅಮಾ. ಅಸಲಿ ಗುಡುಗು ಒಂದು ಸಿಕ್ಕಿದ್ರೆ ಅಳೆದು ಬರೀತೀನಿ. ಊಹೆ ಮಾಡಿ ಬರೆಯಲ್ಲ."

"ಈಸಾನಿನ ರೋಯ್ ಎತ್‌ನಲ್ಲಿ ಬುನ್‌ಲೂಯ್ ಇದಾನೆ, ಸಿನಿಮಾ ಲಾರಿಯವನು. ಯಾರಿಗೂ ಮುಟ್ಟೋಕೆ ಬಿಡಲ್ಲ. ನಾನು ಹೇಳಿದ್ರೆ ಬಿಡ್ತಾನೆ."

"ಹೊಸದು ಬರೆದ ಮೇಲೆ ಹಳೇದನ್ನೂ ಸುಡ್ತೀರಾ?"

ಅಮಾ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು.

"ಎರಡೂನಾ? ಹೊಸ ನಕ್ಷೆ ಬಂತು ಅಂದ್ರೆ ಹಳೇದು ಕಾರ್ಖಾನೆ ಒಳಗೆ ಇರಬಾರದು ಅಂತ ಅವರೇ ಹೇಳ್ತಿದ್ರು. ಒಂದ್ಸಲ ಬಡಗಿ ಹಳೇ ನಕ್ಷೆ ನೋಡಿ ಕೊಯ್ದುಬಿಟ್ಟ. ಅಷ್ಟೂ ತೇಗ ಕೋಳಿಗೂಡಾಯ್ತು. ಅಲ್ಲೂ ಅದೇ ರಂಪ ಆಗ್ಬೇಕಾ?"

ತುಯಿ ಅಣ್ಣ ಕೆಮ್ಮಿದ.

"ಹಾಗಾದ್ರೆ ಹಳೇದು..."

"ಇಟ್ಕೋ. ನಿಮ್ಮ ಆ ಕಂಪ್ಯೂಟರ್‌ಗೆ ಬೇಕಾದ್ರೂ ಹಾಕ್ಕೋ. ಆದ್ರೆ ನೀನು ಅಳೆಯೋ ಅಂಕಿ ಯಾರಿಗೂ ಕೊಡಬಾರದು. ಬರೆದ ಪ್ರತಿ ಒಂದೇ ಇರಬೇಕು, ಅದು ಬೆಂಕಿಗೇ ಹೋಗ್ಬೇಕು. ಅಳತೆ ಅವರಿಗೆ. ತೂತು ನಿಮಗೆ."

"ಆಯ್ತು."

"ಡಾಕ್ಟ್ರು ಕೇಳ್ತಾರೆ."

"ಕೇಳಲಿ."

"ನಿನ್ನನ್ನ ನಂಬಬಹುದು," ಅಂದರು ಅಮಾ ಎದ್ದು ಅಂಗಿ ಕೊಡವಿಕೊಂಡು. "ನಿನ್ನ ಕಡೆಯವರ ಮೇಲೇ ಚಾಡಿ ಹೇಳಿದವಳು."

ಹೋದ ಮೇಲೆ ತುಯಿ ಅಣ್ಣ, "ಅಜ್ಜಿ ಯಾಕೆ ಅಲ್ಲಿ ಜಾಗ ಇಲ್ದಿದ್ರೂ ನಿನ್ನ ಬಲಕ್ಕೇ ನುಗ್ಗಿದ್ರು?" ಅಂದ. ಕೇಳಿದ ಮೇಲೆ ಹೇಳಲೇಬೇಕಲ್ಲ, ಹೇಳಿದೆ. ಸ್ವಲ್ಪ ಹೊತ್ತು ಲೆಕ್ಕ ಹಾಕಿದ.

"ನನ್ನ ಕುರ್ಚಿ ನಿನ್ನ ಎಡಕ್ಕಿದೆ. ಅಂದ್ರೆ ಇಷ್ಟು ವರ್ಷ ಬೈದಿದ್ದೆಲ್ಲ ದಂಡ!"

ಸಂಜೆ ಅಂಗಡಿ ಮುಚ್ಚುವ ಮುಂಚೆ ಕುರ್ಚಿ ಬಲಕ್ಕೆ ಎಳೆದುಕೊಂಡ.


ಜೂನ್ 1

ಹಳೆ ಹಾಳೆಗಳನ್ನೆಲ್ಲ ಸ್ಕ್ಯಾನ್ ಮಾಡಿದೆ. ಮುಂಬದಿ, ಹಿಂಬದಿ. ತೂತಿನ ಹಿಂದೆ ಬೂದು ಕಾಗದ ಇಟ್ಟೆ, ತೂತು ತೂತೇ ಅಂತ ಕಾಣಲಿ. ಡಾಕ್ಟರು ಬಂದು ನನ್ನ ಪಕ್ಕ ಕೂತು ಪ್ರತಿ ಹಾಳೆಯೂ ಪರದೆಯ ಮೇಲೆ ಏಳುವುದನ್ನು ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು.

"ನಾನು ಕೇಳಿದ್ದು ತಪ್ಪು," ಅಂದರು. ಆಮೇಲೆ, "ಗಂಟಲು ಅಳೆದ ಮೇಲೆ ನನಗೊಬ್ಬನಿಗೆ..."

"ಇಲ್ಲ ಡಾಕ್ಟ್ರೇ."

"ಹಂಚೋದಕ್ಕೇ ಅಲ್ವೇನಮ್ಮ ನಾವಿರೋದು? ನಿನ್ನ ತಲೇಲಿ ಇಟ್ಕೊಂಡು ಏನ್ಮಾಡ್ತೀಯಾ?"

"ಕಾಗದ ಹಂಚೋಣ. ಕಾಗದದಲ್ಲಿ ಇಲ್ಲದ್ದನ್ನ ನಾವು ಯಾವತ್ತು ಸೇರಿಸಿದೀವಿ? ನಿಯಮ ಬರೆದಿದ್ದು ನೀವೇ."

ಬೈಯಲಿಲ್ಲ. ನಾಲ್ಕು ಮಾತು ಬೈದಿದ್ದರೆ ಸುಲಭವಾಗುತ್ತಿತ್ತು. ಹಲ್ಲಿನ ಅಚ್ಚು ತೆಗೆಯುತ್ತಿದ್ದ ಮನುಷ್ಯ, ಕೊನೆಗೆ ಅದೇ ಕೆಲಸದ ಮಾತು ಎತ್ತಿದರು. ಹಾರ್ನಿನ ಹಿಂದಿನ, ದನಿ ಹುಟ್ಟಿಸುವ ಡ್ರೈವರ್ ಬಿಚ್ಚು, ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ಬೆಚ್ಚಗೆ ಮಾಡಿ ಗಂಟಲಿಗೆ ಒತ್ತಿ ಅಚ್ಚು ಹಿಡಿ, ತುಂಡುತುಂಡಾಗಿ ತೆಗಿ, ಮೊದಲು ಒಳಗೆ ಪೌಡರ್ ಬಳಿ, ಇಲ್ಲದಿದ್ದರೆ ತೇಗಕ್ಕೆ ಕಚ್ಚಿಕೊಳ್ಳುತ್ತೆ. ಗೆರೆ ಎಳೆಯುವ ಪೆನ್ನುಗಳನ್ನು ಕೊಟ್ಟರು. ಹೇಗೆ ಹಿಡಿಯಬೇಕು ಅಂತ ನನ್ನ ಬೆರಳು ತಿದ್ದಿ ತೋರಿಸಿದರು. ಮೊದಲ ಗೆರೆ ಸೊಟ್ಟ. ಇಪ್ಪತ್ತನೆಯದು ನೆಟ್ಟಗೆ ಬಂತು. ಬರುತ್ತದೆ ನನಗೆ.


ಜೂನ್ 5

ಬುನ್‌ಲೂಯ್ ಮಾಮ ಫೋನಿನಲ್ಲಿ ಸಿಕ್ಕರು. ಇರುವುದು ಒಂದೇ ಹಾರ್ನ್. ಈಗ ಜನ ಸಿನಿಮಾಗೆ ಬರುವುದಿಲ್ಲ, ಹರಕೆ ಹೊತ್ತವರು ಗುಡಿಯ ಮುಂದೆ ಸಿನಿಮಾ ಹಾಕಿಸುತ್ತಾರೆ, ನೋಡುವುದು ದೇವರು ಮಾತ್ರ.

"ದೇವರಿಗೆ ನಕಲಿ ಹಾರ್ನ್ ಸಾಲ್ದಾ ಮಾಮ?" ಅಂದೆ.

"ಜನ ಆದ್ರೆ ಸುಮ್ನೆ ಎದ್ದು ಹೋಗ್ತಾರೆ. ದೇವ್ರಿಗೆ ಸಿಟ್ಟು ಬಂದ್ರೆ?" ಅಂದರು. ಆಮೇಲೆ ದನಿ ಗಟ್ಟಿಯಾಯಿತು. "ಅಮಾ ಹೇಳಿದಾರೆ ಅಂತ ಬಿಡ್ತಿದೀನಿ. ಒಂದು ಚಕ್ಕೆ ಎದ್ರೆ ನಿನ್ನನ್ನೇ ಹಾರ್ನ್ ಜಾಗದಲ್ಲಿ ನಿಲ್ಲಿಸಿ ಕೂಗಿಸ್ತೀನಿ."

ಒಪ್ಪಿದೆ.

ಜೇಡಿಮಣ್ಣು ಕೊಂಡೆ. ಕೆಂಪು ಮಾತ್ರ ಸಿಕ್ಕಿತು. ನಕ್ಷೆಗಳು ಮಧ್ಯಾಹ್ನ ಸೈಟಿಗೆ ಹೋದವು, ತೂತು ಸಮೇತ. ಒಂದು ತಾಸಿನಲ್ಲಿ ಪೆನಾಂಗಿನಿಂದ ಯಾರೋ ಬರೆದರು: ಅದ್ಭುತ. ತೂತಿನ ಜಾಗದ ಅಳತೆ ನಿಮಗೆ ಗೊತ್ತೆ?

ಉತ್ತರ ಬರೆದೆ: ಇನ್ನೂ ಇಲ್ಲ. ಎರಡು ದಿನದಲ್ಲಿ ಗೊತ್ತಾಗುತ್ತದೆ. ಹೇಳುವುದಿಲ್ಲ.

ಮೋಚಿತ್ ನಿಲ್ದಾಣದಿಂದ ರೋಯ್ ಎತ್‌ಗೆ ಬಸ್ಸು. ನಾಳೆ ಬೆಳಿಗ್ಗೆ ಹೊರಡುತ್ತೇನೆ.