ಗಂಗಳ ಪಾಲಿನ ಮಾತು

ಮುಳಬಾಗಿಲು
೧೮ ಮಾರ್ಚ್ ೧೯೭೯

ಪೂಜ್ಯ ಅಣ್ಣ ಚನ್ನರಾಯಪ್ಪನವರಿಗೆ ತಮ್ಮ ಕೋದಂಡರಾಮನ ನಮಸ್ಕಾರಗಳು.

ನಾನೂ ಶ್ಯಾಮಲೆಯೂ ಕ್ಷೇಮ. ಉತ್ತರ ತಡವಾಯಿತು, ಮನ್ನಿಸಿ. ಶಿವರಾತ್ರಿಗೆಂದು ನಮ್ಮ ಮನೆಯಿಂದ ಯಲ್ದೂರಿಗೆ ಕರೆದುಕೊಂಡು ಹೋದ ಮಗಳು ಮುನಿಗಂಗಳಿಗೆ ಮದುವೆ ನಿಶ್ಚಯ ಮಾಡಿದಿರಂತೆ, ಸಂತೋಷ. ಆದರೆ ನಿಶ್ಚಯವಾದ ಹುಡುಗಿ ಊರ ಗಡಿ ದಾಟಬಾರದು, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಳಿಸುವುದಿಲ್ಲ ಎಂದು ಬರೆದಿದ್ದೀರಿ. ಅದಕ್ಕೇನು ಬರೆಯಬೇಕೆಂದು ತಿಳಿಯದೆ ಕೂತಿದ್ದೆ.

ಇಲ್ಲಿ ನನ್ನ ಪಾಠ ಎಂದಿನಂತೆ ನಡೆದಿದೆ. ಇಂಗ್ಲಿಷಿನಲ್ಲಿ ಒಂದೇ ಥರ ಕೇಳಿಸುವ ಮಾತುಗಳು ನಮ್ಮ ಮಕ್ಕಳಿಗೆ ಕಬ್ಬಿಣದ ಕಡಲೆ. ಅದಕ್ಕೇ ಜೂನ್‌ನಲ್ಲೇ ಒಂದೊಂದು ಜೋಡಿಯನ್ನು ಅಕ್ಕಪಕ್ಕ ಕೂರುವ ಇಬ್ಬರಿಗೆ ಹಂಚಿಬಿಡುತ್ತೇನೆ. ಭೇಟಿಯ ಮೀಟ್ ಒಬ್ಬನಿಗೆ, ಮಾಂಸದ ಮೀಟ್ ಇನ್ನೊಬ್ಬನಿಗೆ. ದಿನಾ ತನ್ನ ಮಾತನ್ನಿಟ್ಟು ಮನೆಯ ಸುದ್ದಿ ಒಂದು ವಾಕ್ಯ ತರಬೇಕು. ಒಬ್ಬರು ಬಾರದಿದ್ದರೆ ಜೊತೆಯವರು ಇಬ್ಬರದ್ದೂ ಹೇಳಬೇಕು. ಮಾಂಸ ಸಿಕ್ಕಿರುವುದು ಗಂಗುಲಪ್ಪನಿಗೆ, ಅವರ ಮನೆಯಲ್ಲಿ ಅದನ್ನು ಮುಟ್ಟುವುದಿಲ್ಲ. ಪಾಪ, ಪಕ್ಕದ ಮನೆಯ ಅಡುಗೆ ವಾಸನೆ ಹಿಡಿದು ವಾಕ್ಯ ತರುತ್ತಾನೆ.

ವಾರದ ವೀಕ್ ನಮ್ಮ ಗಂಗಳದು. ಬಲವಿಲ್ಲದ ವೀಕ್ ಮುತ್ಯಾಲಮ್ಮನದು, ರಾಗಿ ಮೂಟೆ ಒಬ್ಬಳೇ ಎತ್ತುವ ಹುಡುಗಿ. 'ಸಾರ್, ಗಂಗಂದು ನಂಗೆ ಕೊಡಿ' ಎಂದು ವರ್ಷವೆಲ್ಲ ಕಾಡಿದಳು. ಈಗ ಎರಡೂ ಅವಳ ಪಾಲಿಗೇ ಬಂದಿವೆ, ಆದರೆ ಮುಖದಲ್ಲಿ ಗೆಲುವಿಲ್ಲ. ಗಂಗಳ ಜಾಗದಲ್ಲಿ ಯಾರನ್ನೂ ಕೂರಲು ಬಿಡುತ್ತಿಲ್ಲ. ನಿನ್ನೆ ಎದ್ದು ನಿಂತು, ಬರುವ ವಾರ ಗಂಗ ಬರುತ್ತಾಳೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು.

'ನಿಂಗ್ಯಾರಮ್ಮ ಹೇಳಿದ್ರು?' ಎಂದೆ.

'ಯಾರೂ ಹೇಳ್ಲಿಲ್ಲ ಸಾರ್. ಅವಳ ಮಾತ್ಗೆ ಬೇರೆ ವಾಕ್ಯ ತೋಚ್ತಿಲ್ಲ.'

ವಾಕ್ಯದಲ್ಲಿ ತಪ್ಪಿರಲಿಲ್ಲ, ಕೂರು ಎಂದೆ.

ಅಣ್ಣ, ಹಿರಿಯರ ಪದ್ಧತಿಗೆ ನಾನು ಎದುರಾಡುವವನಲ್ಲ. ಆದರೆ ದೇವರ ಕೆಲಸಕ್ಕೆ ಗಡಿ ಅಡ್ಡ ಬರುವುದಿಲ್ಲ. ಇಲ್ಲೇ ಹತ್ತಿರದ ಕುರುಡುಮಲೆ ಗಣಪತಿಗೆ ಹರಕೆ ಇದೆ ಎಂದು ಬೀಗರಿಗೆ ತಿಳಿಸಿ ಅತ್ತಿಗೆಯನ್ನೂ ಗಂಗಳನ್ನೂ ಕಳಿಸಿ. ಕೈಮುಗಿದು ಬಂದು ಪರೀಕ್ಷೆ ಬರೆಯಲಿ. ಹತ್ತು ವರ್ಷ ಓದಿದ ಹುಡುಗಿ, ಕೊನೆಯ ಮೆಟ್ಟಿಲಲ್ಲಿ ನಿಲ್ಲಿಸಿದರೆ ನನಗೆ ಸಂಕಟವಾಗುತ್ತದೆ. ಮುಗಿದ ಮೇಲೆ ನಾನೇ ಮದುವೆಮನೆಗೆ ಕರೆತರುತ್ತೇನೆ.

ಮಾವಿನ ತೋಟದಲ್ಲಿ ಹೂವು ಚೆನ್ನಾಗಿ ನಿಂತಿದೆಯೆಂದು ಭಾವಿಸುತ್ತೇನೆ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆಲ್ಲ ನಮ್ಮಿಬ್ಬರ ಆಶೀರ್ವಾದ. ದೇವರು ಗಂಗಳನ್ನು ಚೆನ್ನಾಗಿಟ್ಟಿರಲಿ.

ನಿಮ್ಮ ತಮ್ಮ
ಕೋದಂಡರಾಮ

ಮರೆತ ಮಾತು: ಗಂಗ ನಿಮ್ಮ ಮಗಳು, ಅದರಲ್ಲಿ ತಕರಾರಿಲ್ಲ. ಮಕ್ಕಳಿಲ್ಲದ ನಮ್ಮ ಮನೆಗೆ ಓದಲೆಂದು ಕಳಿಸಿದಿರಿ, ಆ ಉಪಕಾರ ದೊಡ್ಡದು. ಆದರೆ ಒಂದು ಸಂಗತಿ ನಿಮಗೆ ಗೊತ್ತಿಲ್ಲ. ನೀವಿಲ್ಲದಾಗ ಅವಳು ಶ್ಯಾಮಲೆಯನ್ನು ಅಮ್ಮ ಎಂದೇ ಕರೆಯುತ್ತಿದ್ದಳು. ನೀವು ಬಂದರೆ ಚಿಕ್ಕಮ್ಮ, ನಿಮ್ಮ ಬಸ್ಸು ಹೊರಟರೆ ಮತ್ತೆ ಅಮ್ಮ. ನಾವು ಹೇಳಿಕೊಟ್ಟದ್ದಲ್ಲ. ಈ ಸಲ ನಿಮ್ಮ ಪಕ್ಕದಲ್ಲಿ ಕೂತು ಕಿಟಕಿಯಿಂದ 'ಹೋಗ್ಬರ್ತೀನಿ ಚಿಕ್ಕಮ್ಮ' ಅಂದಳು, ಬಸ್ಸು ಹೊರಟುಹೋಯಿತು. ಶ್ಯಾಮಲೆ ಅಂದಿನಿಂದ ಗಂಗಳ ಹೆಸರೆತ್ತಿರಲಿಲ್ಲ. ಈಗ ಕಾಗದ ಮಡಿಸುವಾಗ ಅಂದಳು: 'ಕಳಿಸಿಕೊಡೋಕೆ ಹೇಳ್ರಿ. ಅತ್ತಿಗೇನೂ ಜೊತೇಲಿ ಇರ್ಲಿ. ಚಿಕ್ಕಮ್ಮ ಅಂತಾನೇ ಕರೀಲಿ.'